ಸಾಲಗಾರನ ನಿದ್ರೆ: ಘಟಪ್ರಭಾ ತೀರದ ಒಂದು ಶಾಸ್ತ್ರೀಯ ವಿವೇಚನೆ

ಸಾಲ ಸಣ್ಣದಾದಷ್ಟೂ ಸಾಲಗಾರನ ನಿದ್ದೆ ಕಡಿಮೆ. ಸಾಲ ದೊಡ್ಡದಾದಷ್ಟೂ ನಿದ್ದೆ ಗಾಢ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಆಧಾರದಿಂದ ಈ ಸೂತ್ರವನ್ನು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪೂರ್ವಸೂರಿಗಳಲ್ಲಿ ಚಾರ್ವಾಕರು ಸಾಲ ಮಾಡಿಯಾದರೂ ತುಪ್ಪ ಕುಡಿಯಿರಿ ಎಂದರೆಂದು ಅವರ ವಿರೋಧಿಗಳು ಬರೆದಿಟ್ಟಿದ್ದಾರೆ. ಆ ತುಪ್ಪಕ್ಕೆ ಜಾಮೀನು ನಿಂತವರಾರು ಎಂಬುದನ್ನು ಮಾತ್ರ ಬರೆದಿಲ್ಲ.

ಮೊದಲು ಶಾಸನಾಧಾರ. ಕಿರಾಣಿ ಅಂಗಡಿಗಳಲ್ಲಿ ತೂಗುವ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಶಾಸನದಲ್ಲಿ ರಾಜನ ಹೆಸರಿಲ್ಲ, ಶಕವರ್ಷವೂ ಇಲ್ಲ. ಆ ನಾಳೆ ಯಾವ ಶತಮಾನದ್ದೆಂಬುದು ಇತ್ಯರ್ಥವಾಗಿಲ್ಲ. ಅದೇ ಹಲಗೆಯ ಕೆಳಗೆ ಉದ್ರಿ ಪುಸ್ತಕವೂ ಇರುವುದು ಸಂಶೋಧಕರನ್ನು ಕಾಡುವ ಒಗಟು.

ಮೊದಲ ಪ್ರಮಾಣ, ವಾರದ ಕಂತಿನ ಅಕ್ಕ. ಅಡವಿಡಲು ಅವಳಲ್ಲಿ ಏನೂ ಇಲ್ಲವಾದ್ದರಿಂದ ನೆರೆಮನೆಯವಳ ಮರ್ಯಾದೆಯನ್ನೇ ಅಡವಿಟ್ಟುಕೊಳ್ಳುವುದು ಗುಂಪು ಸಾಲದ ತಂತ್ರ. ಇದನ್ನು ಬಾಂಗ್ಲಾದೇಶದಲ್ಲಿ ಪ್ರಸಿದ್ಧಿಗೆ ತಂದ ಮುಹಮ್ಮದ್ ಯೂನುಸ್ ಮತ್ತು ಗ್ರಾಮೀಣ ಬ್ಯಾಂಕಿಗೆ 2006ರಲ್ಲಿ ನೊಬೆಲ್ ಬಂತು, ಅದೂ ಶಾಂತಿಗೆ. ಕಂತಿನ ದಿನ ಬೀದಿಯಲ್ಲಿ ನಿಂತು ನೋಡಿದವರಿಗೆ ಈ ವಿಭಾಗದ ಆಯ್ಕೆ ವಿಚಿತ್ರವೆನಿಸಬಹುದು. ವಸೂಲಿಗಾರರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ವಿಧಿಸಿದೆ. ಅಂದರೆ ಅಕ್ಕನಿಗೆ ನಿದ್ದೆ ಕಾನೂನಿನ ಪ್ರಕಾರ ಮಂಜೂರಾಗಿದೆ, ಕಣ್ಣಿಗೆ ಬಟವಾಡೆಯಾಗುವುದಷ್ಟೇ ಬಾಕಿ.

2025ರ ಆರಂಭದಲ್ಲಿ ಬೆಳಗಾವಿ ಜಿಲ್ಲೆಯ ಹೆಂಗಸರು ವಸೂಲಿ ಕಿರುಕುಳದ ವಿರುದ್ಧ ಬೀದಿಗಿಳಿದಾಗ ಇನ್ನೊಂದು ಪಂಥ ಬೆಳಕಿಗೆ ಬಂತು. ‘ನಿನ್ನ ಹೆಸರಿನ್ಯಾಗ ಸಾಲಾ ತಗೀ ಅಕ್ಕಾ, ಅರ್ಧಾ ನನಗ ಕೊಡು, ಕಂತ ನಾ ತುಂಬತೀನಿ’ ಎಂಬುದು ಈ ಪಂಥದ ಮಹಾವಾಕ್ಯ. ಹಣ ಪಡೆದವರ ನಿದ್ದೆ ಕೆಡಲಿಲ್ಲ. ಸಹಿ ಹಾಕಿದವಳದ್ದು ಕೆಟ್ಟಿತು.

ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳಕ್ಕೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಸಾಲವೇ 3 ಲಕ್ಷ ಮೀರದಿರುವಾಗ ದಂಡ 5 ಲಕ್ಷವೇ ಎಂದು ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಫೆಬ್ರವರಿ 12ರಂದು ಅಂಕಿತ ಹಾಕಿದರು. ಅಸಲನ್ನು ಮೀರಬಾರದೆಂಬ ಈ ಕಾಳಜಿಗೆ ಪೂರ್ವಜರಿದ್ದಾರೆ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಅಲ್ಲಿ ಚಾಲ್ತಿಯಲ್ಲಿದ್ದ ದಾಮದುಪ್ಪಟ್ ನಿಯಮದಂತೆ ಒಮ್ಮೆಗೆ ವಸೂಲಾಗುವ ಬಡ್ಡಿ ಅಸಲನ್ನು ಮೀರುವಂತಿರಲಿಲ್ಲ. ಬಡ್ಡಿಗೂ ದಣಿವಾಗುತ್ತದೆಂದು ನಂಬಿದ್ದ ಕಾಲ ಅದು.

ಎರಡನೆಯ ಪ್ರಮಾಣ, ಕಬ್ಬು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿದ 14 ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕು; ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ. ಇಲ್ಲಿ ಸಾಲ ಕೊಟ್ಟವನು ರೈತ, ಸಾಲಗಾರ ಕಾರ್ಖಾನೆ. ಆದರೆ ಕಾರ್ಖಾನೆಯ ಗೇಟಿಗೆ ಬೈಕು ಆನಿಸಿ, ‘ಸಾಹೇಬ್ರ, ಈ ವಾರದ ಕಂತ ಎಲ್ಲೈತ್ರಿ?’ ಎಂದು ಓಣಿಗೆಲ್ಲ ಕೇಳುವಂತೆ ಕೂಗುವ ಹುಡುಗನ ಹುದ್ದೆ ಇನ್ನೂ ಸೃಷ್ಟಿಯಾಗಿಲ್ಲ.

ದರದ ಜಗಳವಂತೂ ಬೇರೆಯೇ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕುಳಿತರು. ನವೆಂಬರ್ 7ರಂದು 3,300ಕ್ಕೆ ಮಾತು ಮುಗಿಯಿತು. ಟನ್ನಿಗೆ 200 ರೂಪಾಯಿಯ ಈ ರಿಯಾಯಿತಿಯನ್ನು ಸಾಲಮನ್ನಾ ಅಧ್ಯಾಯದಲ್ಲೇ ಸೇರಿಸಬೇಕೆಂಬುದು ಪ್ರಬಂಧಕಾರರ ಪಟ್ಟು. ಹಾಗೆ ಸೇರಿಸಿದರೆ ಫಲಾನುಭವಿಗಳ ಪಟ್ಟಿಯಲ್ಲಿ ಕಾರ್ಖಾನೆಗಳ ಹೆಸರು ಬರೆಯಬೇಕಾಗುತ್ತದೆ.