ಮೂರನೇ ಕೈ

ನಾಯಿ ಸಾಕುವವನಿಗೆ ದೇವರು ಒಂದು ಕೈ ಕಡಿಮೆ ಕೊಟ್ಟಿದ್ದಾನೆ. ಬೆಳಿಗ್ಗೆ ಚಿನ್ನುವಿನ ಜೊತೆ ಜಯನಗರದ ಬೀದಿಗಿಳಿದರೆ ಒಂದು ಕೈ ಚೈನಿಗೆ, ಇನ್ನೊಂದು ಹಾಲಿನ ಪ್ಯಾಕೆಟ್ಟಿಗೆ. ಅವಳು ಹೊಂಗೆಮರದ ಬುಡದಲ್ಲಿ ಮೂರು ಸುತ್ತು ಹಾಕಿ ಮುಗಿಸಿದ ಘನಕಾರ್ಯ ಯಾವ ಕೈಗೆ?

ಚೀಲವನ್ನು ಕೈಗವಸಿನಂತೆ ತೊಟ್ಟು, ಬಾಚಿ, ಒಳಗು ಹೊರಗು ಮಾಡಿ ಗಂಟು ಬಿಗಿಯುವ ವಿದ್ಯೆಯೇನೋ ಬಂದಿದೆ. ಆದರೆ ಆ ಬೆಚ್ಚನೆಯ ಗಂಟು ಹಿಡಿದು ಕಸದ ಆಟೋ ಹುಡುಕುತ್ತಾ ಅಲೆಯುವುದಿದೆಯಲ್ಲ! ನ್ಯೂಯಾರ್ಕಿನವರು 1978ರಲ್ಲೇ ‘ನಿಮ್ಮ ನಾಯಿಯದ್ದು ನೀವೇ ಎತ್ತಿ’ ಎಂದು ಕಾನೂನು ತಂದರಂತೆ. ಎತ್ತಿದ ಕೈಯಲ್ಲೇ ಎದುರುಮನೆಯವರಿಗೆ ನಮಸ್ಕಾರ ಮಾಡುವ ಸಂಕಟ ಅವರಿಗೇನು ಗೊತ್ತು?

ಮಗಳು ಆನ್‌ಲೈನಿನಲ್ಲಿ ಆ ಚೀಲ ನೇತುಹಾಕಲು ಒಂದು ಕೊಕ್ಕೆ ತರಿಸಿಕೊಟ್ಟಳು. ಚೈನಿಗೆ ಸಿಕ್ಕಿಸಿದೆ. ಚಿನ್ನು ಬೆಕ್ಕು ಕಂಡು ನೆಗೆದಳು. ಚೀಲ ದೇವಸ್ಥಾನದ ಗಂಟೆಯಂತೆ ತೂಗಿ ನನ್ನ ಮಂಡಿಗೆ ಬಡಿಯಿತು. ಮರುದಿನ ಪ್ಯಾಂಟಿನ ಸೊಂಟಕ್ಕೇ ನೇತುಹಾಕಿಕೊಂಡೆ. ಆಹಾ, ಸ್ವಾತಂತ್ರ್ಯ! ಕೈ ಬೀಸಿಕೊಂಡು ನಡೆದೆ. ಪಾರ್ಕಿನ ಬಳಿ ರಿಟೈರ್ಡ್ ಮೇಷ್ಟ್ರು ತಡೆದರು.

‘ಏನ್ ಸಾರ್ ಸೊಂಟದಲ್ಲಿ, ರಾಯರ ಮಠದ ಪ್ರಸಾದಾನಾ?’

‘ಅಲ್ಲ ಸಾರ್, ಚಿನ್ನೂದು.’

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದೇ ಮಾತು ಮುಂದುವರಿಸಿದರು. ಕಸದ ಆಟೋದವಳು ಇನ್ನೂ ಖಡಕ್ಕು: ‘ಇದು ಹಸಿಕಸಾನೂ ಅಲ್ಲ, ಒಣಕಸಾನೂ ಅಲ್ಲ, ಬಿಚ್ಚಿ ಕೊಡಿ, ಡೈಪರ್ ಜೊತೆ ಹಾಕ್ತೀನಿ.’ ಬಿಚ್ಚಲು ಹೋದರೆ ಕೊಕ್ಕೆ ಜಗ್ಗಲಿಲ್ಲ. ಆಟೋ ಹೊರಟೇಹೋಯಿತು.

ಬಾಗಿಲಲ್ಲಿ ಹೆಂಡತಿ ನನ್ನ ಎರಡೂ ಖಾಲಿ ಕೈ ನೋಡಿದಳು.

‘ಹಾಲೆಲ್ಲಿ?’