ಲಕ್ಷ್ಮೀಕಟಾಕ್ಷ, ಫ್ರೀ ಡೆಲಿವರಿ

ಸಾಲ ತೀರುತ್ತಿಲ್ಲವೇ? ಕೋರ್ಟು ಕೇಸು ವಾಯಿದೆ ಮೇಲೆ ವಾಯಿದೆ ಬೀಳುತ್ತಿದೆಯೇ? ಹತ್ಥಾ ಜೋಡಿ ತರಿಸಿಕೊಳ್ಳಿ. ಪವಿತ್ರ ಬೆಟ್ಟವೊಂದರ ಅಪರೂಪದ ಬೇರಂತೆ, ಥೇಟ್ ಮುಗಿದ ಕೈಗಳ ಆಕಾರ. ಬೆಳ್ಳಿ ಡಬ್ಬಿಯಲ್ಲಿ ಸಿಂಧೂರ, ಲವಂಗದ ಜತೆ ಇಟ್ಟು ಪೂಜಿಸಿದರೆ ಲಕ್ಷ್ಮಿ ಮನೆಬಿಟ್ಟು ಕದಲುವುದಿಲ್ಲ. ಮೊಬೈಲಿನಲ್ಲೇ ಆರ್ಡರ್ ಮಾಡಬಹುದು, ‘ನೂರಕ್ಕೆ ನೂರು ಅಸಲಿ’.

ಬೇರು ಅಪರೂಪದ್ದೇ, ಅನುಮಾನವಿಲ್ಲ. ಬೆಳೆಯುವುದು ಮಾತ್ರ ಮಣ್ಣಿನಲ್ಲಲ್ಲ, ಗಂಡು ಉಡದ ಬಾಲದ ಬುಡದಲ್ಲಿ. ಉಡದ ಜನನಾಂಗ ಜೋಡಿಯಾಗಿರುತ್ತದೆ. ಕೊಯ್ದು ಒಣಗಿಸಿದರೆ ಮುಗಿದ ಕೈ. 2017ರಲ್ಲಿ ವನ್ಯಜೀವಿ ಸಂಸ್ಥೆಗಳು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಗುಟ್ಟು ರಟ್ಟು ಮಾಡುವ ಹೊತ್ತಿಗೆ ಎಷ್ಟೋ ಆಸ್ತಿಕರು ಅದಕ್ಕೆ ಧೂಪ ಹಾಕಿ ಅಡ್ಡಬಿದ್ದೂ ಆಗಿತ್ತು. ನಗಬಾರದು. ನಂಬಿಕೆಯ ವಿಷಯ.

ಕಾನೂನೇನು ನಿದ್ದೆ ಮಾಡುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯೊಂದಿಗೆ ಉಡಕ್ಕೂ ಜಾಗವಿದೆ. ಕನಿಷ್ಠ ಮೂರು ವರ್ಷ ಜೈಲು. 2022ರ ತಿದ್ದುಪಡಿಯ ಮೇಲೆ ಕನಿಷ್ಠ 25,000 ರೂಪಾಯಿ ದಂಡ. ಮಾರುವುದಿರಲಿ, ಮಾರಾಟಕ್ಕಿಡುವುದೂ ಅಪರಾಧ. 39ನೇ ಕಲಂ ಪ್ರಕಾರ ಕದ್ದು ಬೇಟೆಯಾಡಿದ ಪ್ರಾಣಿ ಸರ್ಕಾರದ ಸ್ವತ್ತು. ಅಂದರೆ ನಿಮ್ಮ ದೇವರಮನೆಯಲ್ಲಿ ದಿನಾ ಕುಂಕುಮಾರ್ಚನೆ ನಡೆಯುತ್ತಿರುವುದು ಸರ್ಕಾರಿ ಆಸ್ತಿಗೆ! 57ನೇ ಕಲಂ ಇನ್ನೂ ಖಡಕ್ಕು: ಮಾಲು ನಿಮ್ಮ ಬಳಿ ಸಿಕ್ಕಿತೋ, ಅಕ್ರಮವಲ್ಲವೆಂದು ನೀವೇ ಸಾಬೀತು ಮಾಡಬೇಕು. ಉಡದ ಪಟ್ಟು ಅಂದರೆ ಇದು.

ಪಟ್ಟು ಸಡಿಲವಾಗುವುದು ಆನ್‌ಲೈನ್ ಅಂಗಡಿಯ ಹೊಸ್ತಿಲಲ್ಲಿ. ಫೋಟೋ ತೋರಿಸಿ, ದುಡ್ಡು ಎಣಿಸಿ, ಕಮಿಷನ್ ಮುರಿದುಕೊಂಡ ಜಾಲತಾಣದ ‘ಬಳಿ’ ಮಾಲೇ ಇರಲಿಲ್ಲವಲ್ಲ! ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನಲ್ಲಿ ಅದು ಬರೀ ಮಧ್ಯವರ್ತಿ. ಎಪಿಎಂಸಿ ದಲ್ಲಾಳಿಗೂ ಸಿಗದ ಮರ್ಯಾದೆ. ‘ನಮಗೆ ಗೊತ್ತಿರಲಿಲ್ಲ, ಹೇಳಿದ ಕೂಡಲೇ ತೆಗೆದೆವು’ ಅಂದರೆ ಬಹುಮಟ್ಟಿಗೆ ಪಾರು. ತೆಗೆದರು ಕೂಡ. ಕಾಗುಣಿತ ಒಂಚೂರು ತಪ್ಪಿಸಿ ಮತ್ತೆ ಹಾಕಿದರೆ ಕಂಪ್ಯೂಟರಿಗೆ ಅದು ಹೊಸ ಮಾಲು. ಕಾಡಂಚಿನಲ್ಲಿ ಉಡ ಹಿಡಿದವನಿಗೆ ಮಾತ್ರ ಇಂಥ ಕಾಗುಣಿತ ಒಲಿಯುವುದಿಲ್ಲ. ಗೋಣಿಚೀಲ ಸಮೇತ ಸಿಕ್ಕಿಬೀಳುತ್ತಾನೆ.

ಈ ವ್ಯಾಪಾರದಲ್ಲಿ ಇನ್ನೊಬ್ಬನಿದ್ದಾನೆ. ಅಸಲಿಯ ಅಚ್ಚು ತೆಗೆದು, ಪ್ಲಾಸ್ಟಿಕ್ ಹೊಯ್ದು, ಸಿಂಧೂರ ಮೆತ್ತಿ ಕಳಿಸುವವನು. ಇಡೀ ಸರಪಳಿಯಲ್ಲಿ ಉಡದ ಜೀವ ಉಳಿಸಿದ ಪುಣ್ಯಾತ್ಮ ಅವನೊಬ್ಬನೇ. ಗಿರಾಕಿ ಅವನಿಗೆ ಒಂದೇ ಸ್ಟಾರ್ ಕೊಟ್ಟು ‘ನಕಲಿ ಮಾಲು, ದುಡ್ಡು ವಾಪಸ್ ಕೊಡಿ’ ಎಂದು ದೂರು ಹಾಕುತ್ತಾನೆ. ಈ ದೂರಿಗೆ ಮಾತ್ರ ಜಾಲತಾಣದಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕಠಿಣ ಕ್ರಮ.