ಬೂಸ್ಟು ಬಂದ ಕೊರಡು

ಕಟ್ಟಿಗೆಯನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಆಟೋದಲ್ಲಿ ಅದಕ್ಕೊಂದು ಸೀಟು ಬಿಟ್ಟುಕೊಟ್ಟು, ಪಕ್ಕದಲ್ಲಿ ತಾನು ಮುದುರಿ ಕೂರುವವನಿಗೆ ಅಕ್ವೇರಿಯಂ ಹುಚ್ಚು ಹಿಡಿದಿದೆ ಎಂದೇ ಅರ್ಥ. ಶಿವಾಜಿನಗರದಿಂದ ಹಾಗೆ ತಂದ ಕೊರಡಿನ ಬೆಲೆಯನ್ನು ಅರ್ಧಕ್ಕಿಳಿಸಿ ಹೇಳಿದರೂ ಅಮ್ಮ, “ಅಷ್ಟು ದುಡ್ಡಿಗೆ ಊರಲ್ಲಿ ಇಡೀ ಮಳೆಗಾಲದ ಸೌದೆ ಬರ್ತಿತ್ತಲ್ಲೋ” ಅಂದಳು.

ತೊಟ್ಟಿಗೆ ಇಳಿಸುವ ಮೊದಲು ಕೊರಡನ್ನು ಬೇಯಿಸಬೇಕು. ಆಗ ಒಳಗಿನ ಗಾಳಿ ಹೊರಟು, ನೀರು ಕುಡಿದು ಬೇಗ ಮುಳುಗುತ್ತದೆ. ನೀರಿಗೆ ಬಣ್ಣ ಬಿಡುವ ಟ್ಯಾನಿನ್ ಒಂದಷ್ಟು ಇಳಿಯುತ್ತದೆ. ಹೂರಣಕ್ಕೆ ಬೇಳೆ ಬೇಯಿಸುವ ಪಾತ್ರೆಯಲ್ಲಿ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ ಅಮ್ಮ ಇಣುಕಿದಳು. “ಕಟ್ಟಿಗೆ ಪಾತ್ರೆಯ ಕೆಳಗಿರಬೇಕು ಕಣೋ, ಒಳಗಲ್ಲ.”

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಕೊರಡು ನೀರಿಗಿಳಿದು ವಾರವಾಗುವುದರೊಳಗೆ ಮೈತುಂಬ ಬಿಳಿ ಬೂಸ್ಟು ಹೊದ್ದು ಕೂತಿತು. ಸಲಹೆಗಳೂ ಬೂಸ್ಟಿನ ವೇಗದಲ್ಲೇ ಬೆಳೆದವು. ಉಪ್ಪಿನಕಾಯಿ ಭರಣಿಯ ಅನುಭವವಿದ್ದ ಅಮ್ಮ ಬಿಸಿಲಿಗಿಡು ಅಂದಳು. ಎದುರುಮನೆಯ ರಾಯರು ತೊಟ್ಟಿ ಈಶಾನ್ಯಕ್ಕಿದೆಯೇ ಎಂದು ವಿಚಾರಿಸಿದರು. ನಮ್ಮ ಮನೆಯ ಈಶಾನ್ಯದಲ್ಲಿರುವುದು ಫ್ರಿಜ್ಜು. ಬೂಸ್ಟು ಅದರೊಳಗೂ ಬರುತ್ತದೆ. ಅಂಗಡಿಯವನು ಮಾತ್ರ ತಡಮಾಡದೆ ನೀಲಿ ಔಷಧಿಯ ಬಾಟಲಿಯೊಂದನ್ನು ಮುಂದಿಟ್ಟ.

ನಿಜಕ್ಕೂ ಇದೊಂದು ರೋಗವೇ ಅಲ್ಲ. ಹೊಸ ಕಟ್ಟಿಗೆಯಿಂದ ಸಕ್ಕರೆಯಂಶ ಜಿನುಗುವಷ್ಟು ದಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬೆಳೆಯುತ್ತವೆ. ಊಟ ಮುಗಿದ ಮೇಲೆ ತಾವಾಗಿಯೇ ಏಳುತ್ತವೆ. ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಸ್ಪೈಡರ್ ವುಡ್ ಎಂದು ಮಾರುವ ಕವಲುಕವಲಾದ ಕಟ್ಟಿಗೆಗಂತೂ ಈ ಕಾಟ ಜಾಸ್ತಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಪೈಪಿನಲ್ಲಿ ಹೀರಿ ತೆಗೆಯಬಹುದು. ತಿಕ್ಕಿದವನಿಗೆ ತೃಪ್ತಿ, ಬೂಸ್ಟಿಗೆ ಮತ್ತೆ ಬೆಳೆಯಲು ಹೊಸ ಜಾಗ. ಅಪಾಯ ಕೊರಡಿನ ಮೇಲಿನದರಿಂದಲ್ಲ. ಮೀನಿನ ಮೈಮೇಲೇ ಬಿಳಿ ಎಳೆಗಳು ಕಂಡರೆ ಮಾತ್ರ ಅದು ಬೇರೆ ಕತೆ, ಆಗ ಚಿಕಿತ್ಸೆ ಬೇಕು.

ಬೂಸ್ಟು ತಿನ್ನುವವರೂ ಇದ್ದಾರೆ. ಜಪಾನಿನ ಫೋಟೊಗ್ರಾಫರ್ ತಕಾಶಿ ಅಮಾನೋ ಪಾಚಿ ತಿನ್ನಿಸಲೆಂದು ತೊಟ್ಟಿಗೆ ಬಿಟ್ಟು ಪ್ರಸಿದ್ಧಿಗೆ ತಂದ ಸೀಗಡಿಗೆ ಅವರ ಹೆಸರೇ ನಿಂತಿದೆ. ಅಂಥ ನಾಲ್ಕಾರು ಸೀಗಡಿಗಳನ್ನು ತಂದು ಬಿಟ್ಟೆ. ಕೊರಡಿನುದ್ದಕ್ಕೂ ಸಾಲಾಗಿ ಕೂತು, ಎರಡೂ ಕೈಯಲ್ಲಿ ಬಾಚಿ ಬಾಚಿ ಬಾಯಿಗಿಟ್ಟುಕೊಂಡವು. ಅಮ್ಮ ಬೆಳಗಿನ ಕಾಫಿಯನ್ನು ತೊಟ್ಟಿಯ ಮುಂದೆಯೇ ಕುಡಿಯತೊಡಗಿದಳು. “ಪಾಪ, ಬೂಸ್ಟು ತಿಂತಾವಲ್ಲೋ! ನೀನು ಬೇರೇನೂ ಹಾಕಲ್ವಾ?” ಎಂದು ಅನ್ನದ ಅಗುಳು ಹಿಡಿದು ನಿಂತವಳನ್ನು ತಡೆಯುವುದೇ ನನ್ನ ಮುಖ್ಯ ಕೆಲಸವಾಯಿತು.

ನಿಮ್ಮ ಮನೆಯ ಕೊರಡಿಗೂ ಬೂಸ್ಟು ಬಂದಿದ್ದರೆ ನೀರನ್ನು ಆಗಾಗ ಸ್ವಲ್ಪ ಸ್ವಲ್ಪ ಬದಲಿಸಿ, ಕಾಯಿರಿ. ಅಂಗಡಿಯವನ ಬಾಟಲಿಗೆ ಕೈಹಾಕುವ ಮೊದಲು ಚೀಟಿ ಓದಿ: ತಾಮ್ರವಿರುವ ಔಷಧಿ ಸೀಗಡಿಗೂ ಬಸವನಹುಳುವಿಗೂ ವಿಷ.